ಹುಷಾರಿಲ್ಲದವರಿಗೆ ಎಲ್ಲರೂ ಸೇರಿ ಮೆಸೇಜ್ ಹಾಕೋದು ಹೇಗೆ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಬಹಳಷ್ಟು ಒಂದೇ ವಿಷಯದ ಸುತ್ತ ಇವೆ. ಆಪರೇಶನ್ ಆಗಿ, ಇಲ್ಲಾ ದೊಡ್ಡ ಕಾಯಿಲೆಯಿಂದ ಎದ್ದು ಚೇತರಿಸ್ಕೊಳ್ತಾ ಇರೋರಿಗೆ ಗ್ರೂಪಲ್ಲಿ ಹೇಗೆ ಮೆಸೇಜ್ ಹಾಕ್ಬೇಕು, ಏನು ಬರೀಬೇಕು, ಎಷ್ಟು ದಿನ ಬರೀತಾ ಇರ್ಬೇಕು ಅಂತ. ಹಾಗಾಗಿ ಉಳಿದ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಈ ಸಲದ ಜಾಗ ಪೂರ್ತಿ ಇದಕ್ಕೇ ಕೊಟ್ಟಿದೀನಿ. ಕಾಯಿಲೆ ವಿಷಯ ಆದ್ರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಮ್ಮ ಆಫೀಸಲ್ಲಿ ಒಬ್ಬರಿಗೆ ದೊಡ್ಡ ಆಪರೇಶನ್ ಆಯ್ತು. ಅವರಿಗೆ ಖುಷಿ ಆಗ್ಲಿ ಅಂತ ಟೀಮಿನವರೆಲ್ಲ ಸೇರಿ ಅವರ ಹೆಸರಲ್ಲೇ ಒಂದು ವಾಟ್ಸಾಪ್ ಗ್ರೂಪ್ ಮಾಡಿ, ಅವರನ್ನೂ ಸೇರಿಸಿ, ಎಲ್ಲರೂ ಹಾರೈಸಿದ್ವಿ. ಅವರು ಎಲ್ಲಾನೂ ನೋಡಿದಾರೆ, ಆದ್ರೆ ಒಂದಕ್ಷರ ಬರೆದಿಲ್ಲ. ಈಗ ಕೆಲವರು ‘ಒಂದು ಥ್ಯಾಂಕ್ಸ್ ಹೇಳೋಕೂ ಆಗ್ಲಿಲ್ವಾ ಅವರಿಗೆ’ ಅಂತ ಬೇಜಾರು ಮಾಡ್ಕೊಂಡಿದಾರೆ. ನಾವು ಮಾಡಿದ್ದು ತಪ್ಪಾ?

ಉತ್ತರ: ನಿಮ್ಮೆಲ್ಲರ ಮನಸ್ಸು ಒಳ್ಳೇದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಗ್ರೂಪ್ ಅವರ ಕೈಗೆ ಹೇಗೆ ತಲುಪ್ತು ಅಂತ ಸ್ವಲ್ಪ ಅವರ ಮಂಚದ ಕಡೆಯಿಂದ ನೋಡಿ. ಆಪರೇಶನ್ ಆಗಿ ಮಲಗಿರೋರ ಒಂದು ಕೈಗೆ ಡ್ರಿಪ್ಪಿನ ಸೂಜಿ ಚುಚ್ಚಿರ್ತಾರೆ, ಮಣಿಕಟ್ಟು ಬಗ್ಗಿಸಿದ್ರೆ ಎಳೆಯುತ್ತೆ, ಇನ್ನೊಂದು ಕೈಯಲ್ಲೇ ಫೋನ್ ಎತ್ತಿ ಹಿಡಿದು ಅದೇ ಕೈಯ ಹೆಬ್ಬೆರಳಲ್ಲಿ ಟೈಪ್ ಮಾಡ್ಬೇಕು, ಎರಡು ನಿಮಿಷಕ್ಕೆ ತೋಳು ಸೋತು ಫೋನ್ ಎದೆ ಮೇಲೆ ಬೀಳುತ್ತೆ. ನೋವಿನ ಮಾತ್ರೆ ಸ್ವಲ್ಪ ಸ್ಟ್ರಾಂಗ್ ಆಗಿದ್ರೆ ಓದ್ತಾ ಓದ್ತಾನೇ ಜೊಂಪು ಹತ್ತುತ್ತೆ, ಎಚ್ಚರ ಆದಾಗ ಎಲ್ಲಿ ತನಕ ಓದಿದ್ದೆ ಅನ್ನೋದೇ ಗೊತ್ತಾಗಲ್ಲ. ಕೀಮೋ ತಗೊಳ್ತಾ ಇರೋರಿಗೆ ಮರೆವು, ಗಮನ ನಿಲ್ಲದೇ ಇರೋದು ಎಷ್ಟು ಸಾಮಾನ್ಯ ಅಂದ್ರೆ ಅದಕ್ಕೆ ಕೀಮೋ ಬ್ರೈನ್ ಅಂತ ಹೆಸರೇ ಬಂದಿದೆ. ತಲೆಗೆ ಪೆಟ್ಟು ಬಿದ್ದೋರಿಗಂತೂ ಸ್ಕ್ರೀನ್ ನೋಡಿದ್ರೇನೇ ತಲೆನೋವು ಜಾಸ್ತಿ ಆಗ್ಬಹುದು. ಇಂಥ ಹೊತ್ತಲ್ಲಿ ಮೂವತ್ತು ನಲವತ್ತು ಮೆಸೇಜ್ ಬಂದು ಕೂತಿದ್ರೆ ಪ್ರೀತಿ ಕಾಣೋದಕ್ಕಿಂತ ಮೊದಲು ಇಷ್ಟು ಜನಕ್ಕೆ ಉತ್ತರ ಕೊಡ್ಬೇಕಲ್ಲಾ ಅನ್ನೋ ಭಾರ ಕಾಣುತ್ತೆ. ಒಬ್ಬರಿಗೆ ಉತ್ತರ ಕೊಟ್ಟು ಇನ್ನೊಬ್ಬರಿಗೆ ಕೊಡದೇ ಇದ್ರೆ ಅವರು ಏನಂದ್ಕೋತಾರೋ ಅಂತ ಯಾರಿಗೂ ಕೊಡದೇ ಸುಮ್ಮನಾಗ್ತಾರೆ, ಸುಮ್ಮನಾಗಿದೀನಲ್ಲ ಅಂತ ಒಳಗೊಳಗೇ ಕೊರಗ್ತಾರೆ.

ಇನ್ನೊಂದು ವಿಷಯ. ವಾಟ್ಸಾಪಲ್ಲಿ ಬ್ಲೂ ಟಿಕ್ ಆಫ್ ಮಾಡಿ ಇಟ್ಟಿದ್ರೂ ಗ್ರೂಪಲ್ಲಿ ಅದು ಕೆಲಸ ಮಾಡಲ್ಲ, ಮೆಸೇಜ್ ಇನ್ಫೋ ಒತ್ತಿದ್ರೆ ಯಾರ್ಯಾರು ಓದಿದಾರೆ ಅಂತ ಕಳಿಸಿದೋರಿಗೆ ಕಾಣುತ್ತೆ. ಅಂದ್ರೆ ಅವರು ಸುಮ್ನೆ ಒಂದ್ಸಲ ಓದಿ ಸಮಾಧಾನ ಪಟ್ಕೊಳ್ಳೋಣ ಅಂದ್ರೂ ಓದಿದ್ದು ಎಲ್ಲರಿಗೂ ಗೊತ್ತಾಗುತ್ತೆ, ಆಮೇಲೆ ನಿಮ್ಮ ಟೀಮಲ್ಲಿ ಆದ ಹಾಗೆ ‘ನೋಡಿದಾರೆ ಆದ್ರೆ ಬರೆದಿಲ್ಲ’ ಅನ್ನೋ ಮಾತು ಹುಟ್ಕೊಳ್ಳುತ್ತೆ. ಬೇಜಾರು ಮಾಡ್ಕೊಂಡೋರಿಗೆ ದಯವಿಟ್ಟು ಇದನ್ನ ಹೇಳಿ.

ಈಗ ಏನ್ ಮಾಡ್ಬಹುದು ಅಂತ ಕೇಳಿದ್ರೆ, ಆ ಗ್ರೂಪಿನ ಸೆಟ್ಟಿಂಗ್ಸ್‌ಗೆ ಹೋಗಿ ಅಡ್ಮಿನ್ ಮಾತ್ರ ಮೆಸೇಜ್ ಕಳಿಸೋ ಹಾಗೆ ಮಾಡಿ, ಒಬ್ಬರೇ ಅಡ್ಮಿನ್ ಇರ್ಲಿ. ನೀವು ನಿಮ್ಮಲ್ಲೇ ಮಾತಾಡ್ಕೊಳ್ಳೋಕೆ ಅವರಿಲ್ಲದ ಇನ್ನೊಂದು ಗ್ರೂಪ್ ಇಟ್ಕೊಳ್ಳಿ. ಅಲ್ಲಿ ಎಲ್ಲರೂ ಒಂದೊಂದು ಸಾಲು ಬರೀಲಿ, ಆ ಸಾಲುಗಳನ್ನ ಒಬ್ಬರು ಒಟ್ಟು ಮಾಡಿ ಒಂದೇ ಮೆಸೇಜ್ ಆಗಿ ಕಳಿಸ್ಲಿ. ಮೊದಲನೇ ಸಾಲಲ್ಲೇ ಉತ್ತರ ಬೇಡ ಅಂತ ಇರ್ಲಿ. ಹೀಗೆ:

‘ನಮಸ್ಕಾರ, ಇದಕ್ಕೆ ರಿಪ್ಲೈ ಮಾಡ್ಬೇಡಿ, ಈಗ ಓದೋಕೆ ಆಗದಿದ್ರೆ ಇನ್ನೊಂದು ವಾರ ಬಿಟ್ಟು ಓದಿ, ಪರವಾಗಿಲ್ಲ. ನಿಮ್ಮ ಕೆಲಸಾನ ನಾವು ಮೂರು ಜನ ಹಂಚ್ಕೊಂಡಿದೀವಿ, ಯಾವುದೂ ನಿಂತಿಲ್ಲ. ಕೆಳಗೆ ಎಲ್ಲರೂ ಒಂದೊಂದು ಸಾಲು ಬರೆದಿದಾರೆ. ಮುಂದಿನ ತಿಂಗಳು ಮತ್ತೆ ಬರೀತೀವಿ.’

ಇದರಲ್ಲಿ ಪ್ರಶ್ನೆ ಒಂದೂ ಇಲ್ಲ, ಗಮನಿಸಿ. ಹೇಗಿದೀರಾ, ಯಾವಾಗ ಬರ್ತೀರಾ, ರಿಪೋರ್ಟ್ ಬಂತಾ, ಇವೆಲ್ಲ ಪ್ರೀತಿಯಿಂದ ಕೇಳಿದ್ರೂ ಉತ್ತರ ಬೇಡೋ ಮಾತುಗಳೇ.

ಏನನ್ನೂ ಕೇಳದ ಪತ್ರಕ್ಕೆ ಎಷ್ಟು ಶಕ್ತಿ ಇದೆ ಅನ್ನೋದಕ್ಕೆ ಒಂದು ಹಳೇ ಅಧ್ಯಯನ ಇದೆ, ನಂಗೆ ತುಂಬಾ ಮೆಚ್ಚುಗೆಯಾದದ್ದು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೆರೋಮ್ ಮೋಟೋ ಅನ್ನೋ ಮನೋವೈದ್ಯರು, ತೀವ್ರ ಖಿನ್ನತೆ ಅಥವಾ ಸಾಯೋ ಯೋಚನೆಯಿಂದ ಆಸ್ಪತ್ರೆ ಸೇರಿ ಹೊರಗೆ ಬಂದ ಮೇಲೆ ಮುಂದಿನ ಚಿಕಿತ್ಸೆ ಬೇಡ ಅಂದಿದ್ದ 843 ಜನರನ್ನ ಎರಡು ಗುಂಪು ಮಾಡಿ ಒಂದು ಗುಂಪಿಗೆ ಆಗಾಗ ಚಿಕ್ಕ ಪತ್ರ ಬರೆಸ್ತಾ ಹೋದ್ರು. ಪತ್ರದಲ್ಲಿ ಇದ್ದದ್ದು ಇಷ್ಟೇ, ನೀವು ಇಲ್ಲಿಂದ ಹೋಗಿ ಸ್ವಲ್ಪ ದಿನ ಆಯ್ತು, ಚೆನ್ನಾಗಿದೀರಿ ಅಂದ್ಕೊಂಡಿದೀವಿ, ಬರೀಬೇಕು ಅನ್ಸಿದ್ರೆ ಬರೀರಿ, ನಮಗೆ ಸಂತೋಷ. ಡಾಕ್ಟರ್ ಹತ್ರ ಬನ್ನಿ ಅಂತಿಲ್ಲ, ಮಾತ್ರೆ ತಗೊಳ್ತಿದೀರಾ ಅಂತಿಲ್ಲ. 2001ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಪತ್ರ ಬರ್ತಿದ್ದ ಗುಂಪಲ್ಲಿ, ಅದ್ರಲ್ಲೂ ಮೊದಲ ಎರಡು ವರ್ಷ, ಜೀವ ಕಳ್ಕೊಂಡೋರು ಸ್ಪಷ್ಟವಾಗಿ ಕಡಿಮೆ ಇದ್ರು. ಆಪರೇಶನ್ ಆದವರ ಪರಿಸ್ಥಿತಿ ಬೇರೆ, ನಿಜ. ಆದ್ರೂ ಉತ್ತರದ ಒತ್ತಾಯ ಇಲ್ಲದೆ ನಿಮ್ಮ ನೆನಪಿದೆ ಅಂತ ಮಾತ್ರ ಹೇಳೋ ನಾಲ್ಕು ಸಾಲು ಒಬ್ಬ ಮನುಷ್ಯನನ್ನ ಎಷ್ಟು ಹಿಡಿದು ನಿಲ್ಲಿಸಬಹುದು ಅಂತ ಇದರಿಂದ ಗೊತ್ತಾಗುತ್ತೆ ಅಲ್ವಾ.

ಪ್ರಶ್ನೆ: ನಮ್ಮ ಯಜಮಾನರು ಐಸಿಯುನಿಂದ ಹೊರಗೆ ಬಂದು ಈಗ ಮನೇಲಿದಾರೆ. ನಂಟರು, ಸ್ನೇಹಿತರು, ಅವರ ಹಳೇ ಕ್ಲಾಸ್‌ಮೇಟ್ಸ್ ಎಲ್ಲರೂ ದಿನಾ ‘ಹೇಗಿದಾರೆ’ ಅಂತ ಕೇಳ್ತಾರೆ. ಉತ್ತರ ಕೊಡೋದ್ರಲ್ಲೇ ನನ್ನ ಅರ್ಧ ದಿನ ಹೋಗುತ್ತೆ, ಕೆಲವರು ಫೋನಲ್ಲಿ ಅತ್ತೇ ಬಿಡ್ತಾರೆ, ನಾನೇ ಸಮಾಧಾನ ಮಾಡ್ಬೇಕು. ಉತ್ತರ ಕೊಡದೇ ಇದ್ರೆ ಸೊಕ್ಕು ಅಂತಾರೆ. ಏನ್ ಮಾಡ್ಲಿ ಹೇಳಿ.

ಉತ್ತರ: ಅಮ್ಮಾ, ಮೊದಲು ನೀವು ಊಟ ನಿದ್ದೆ ಮಾಡ್ತಿದೀರಾ ಅಂತ ಯಾರಾದ್ರೂ ಕೇಳಿದಾರಾ? ನೋಡ್ಕೊಳ್ಳೋರ ವಿಷಯ ಯಾರೂ ಎತ್ತಲ್ಲ, ಅದು ನಂಗೆ ತುಂಬಾ ಸಂಕಟ ಆಗುತ್ತೆ.

ನೀವು ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡೋದನ್ನ ಇವತ್ತೇ ನಿಲ್ಲಿಸಿ. ಕೇಳೋರನ್ನೆಲ್ಲ ಒಂದು ಗ್ರೂಪಿಗೆ ಹಾಕಿ, ಅಡ್ಮಿನ್ ಮಾತ್ರ ಬರೆಯೋ ಹಾಗೆ ಮಾಡಿ, ವಾಟ್ಸಾಪಲ್ಲಿ ಈ ಸೌಲಭ್ಯ 2018ರಿಂದಾನೇ ಇದೆ. ಬ್ರಾಡ್‌ಕಾಸ್ಟ್ ಲಿಸ್ಟ್ ಅಂತ ಇನ್ನೊಂದು ದಾರಿ ಇದೆ, ಅದರಲ್ಲಿ ಒಂದು ಲಿಸ್ಟಿಗೆ 256 ಜನ ತನಕ ಹಾಕ್ಬಹುದು, ಆದ್ರೆ ನಿಮ್ಮ ನಂಬರ್ ಸೇವ್ ಮಾಡ್ಕೊಳ್ಳದೇ ಇರೋರಿಗೆ ಮೆಸೇಜ್ ಹೋಗಲ್ಲ, ಮತ್ತೆ ಬರೋ ಉತ್ತರಗಳೆಲ್ಲ ಒಂದೊಂದಾಗಿ ನಿಮ್ಮ ಇನ್‌ಬಾಕ್ಸ್‌ಗೇ ಬಂದು ಬೀಳ್ತವೆ, ಅಂದ್ರೆ ಈಗಿನ ಕಷ್ಟಾನೇ ಮತ್ತೆ. ಹಾಗಾಗಿ ನಾನು ಗ್ರೂಪೇ ವಾಸಿ ಅಂತೀನಿ. ವಾರಕ್ಕೊಂದು ದಿನ ಗೊತ್ತು ಮಾಡಿ, ಭಾನುವಾರ ಸಂಜೆ ಅಂದ್ರೆ ಭಾನುವಾರ ಸಂಜೆನೇ, ನಾಲ್ಕು ಸಾಲು ಹಾಕಿ. ದಿನ ಗೊತ್ತಿದ್ರೆ ಜನ ಕಾಯ್ತಾರೆ, ಗೊತ್ತಿಲ್ಲದೇ ಇದ್ರೇನೇ ಗಾಬರಿಯಾಗಿ ಫೋನ್ ಮಾಡೋದು. ಇದೇನೂ ಹೊಸ ಕಷ್ಟ ಅಲ್ಲ, ಅಮೆರಿಕದಲ್ಲಿ 1997ರಲ್ಲೇ ಕೇರಿಂಗ್‌ಬ್ರಿಡ್ಜ್ ಅಂತ ಒಂದು ವೆಬ್‌ಸೈಟ್ ಶುರುವಾಯ್ತು, ಮನೆಯವರು ರೋಗಿಯ ಸುದ್ದೀನ ಒಂದೇ ಕಡೆ ಬರೆದ್ರೆ ಬೇಕಾದವರೆಲ್ಲ ಅಲ್ಲೇ ಓದ್ಕೋಬಹುದು, ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳೋ ಕಷ್ಟ ತಪ್ಪುತ್ತೆ.

ಬರೆಯೋ ಕೆಲಸ ನೀವೇ ಮಾಡ್ಬೇಕು ಅಂತೇನಿಲ್ಲ. ಮೈದುನನೋ, ನಾದಿನಿಯೋ, ನಿಮ್ಮ ತಂಗಿಯೋ, ಯಾರಾದ್ರೂ ಒಬ್ಬರು ಅಡ್ಮಿನ್ ಆಗಿರ್ಲಿ, ನೀವು ಅವರಿಗೆ ಮಾತ್ರ ಹೇಳಿ. ಬರೆದಿದ್ದನ್ನ ಹಾಕೋ ಮೊದಲು ಯಜಮಾನರಿಗೆ ಒಂದ್ಸಲ ಓದಿ ಹೇಳಿ, ಇದು ಮರೀಬೇಡಿ. ‘ಈಗ ನಡೀತಿದಾರೆ, ರಾತ್ರಿ ನಿದ್ದೆ ಸರಿ ಬರ್ತಿಲ್ಲ, ನೋಡೋಕೆ ಬರೋರು ಇನ್ನು ಹದಿನೈದು ದಿನ ಬರ್ಬೇಡಿ’ ಅನ್ನೋದು ಸಾಕು. ಯಾವ ಟ್ಯೂಬ್ ಹಾಕಿದಾರೆ, ಬಾತ್‌ರೂಮಿಗೆ ಹೇಗೆ ಹೋಗ್ತಾರೆ, ಸ್ಕ್ಯಾನ್ ರಿಪೋರ್ಟಿನ ಫೋಟೋ, ಇವೆಲ್ಲ ಇನ್ನೂರು ಜನರ ಫೋನಿಗೆ ಹೋಗೋ ವಿಷಯಾನೇ ಅಲ್ಲ. ಅವರು ಎದ್ದು ಓಡಾಡೋಕೆ ಶುರು ಮಾಡಿದ ಮೇಲೂ ಆ ಫೋಟೋ ಆ ಫೋನುಗಳಲ್ಲಿ ಹಾಗೇ ಇರುತ್ತೆ.

ಫೋನಲ್ಲಿ ಅಳೋರ ವಿಷಯ. ಸೂಸನ್ ಸಿಲ್ಕ್ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತು ಬ್ಯಾರಿ ಗೋಲ್ಡ್‌ಮನ್ 2013ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೇಲಿ ಒಂದು ಸರಳ ವಿಷಯ ಹೇಳಿದ್ರು. ರೋಗೀನ ನಡುವೆ ಇಟ್ಟು ಒಂದು ವೃತ್ತ ಬರೀರಿ, ಅದರ ಸುತ್ತ ಹೆಂಡತಿ ಮಕ್ಕಳು, ಅವರ ಸುತ್ತ ಹತ್ತಿರದ ಸ್ನೇಹಿತರು, ಆಮೇಲೆ ದೂರದವರು. ಒಳಗಿನ ವೃತ್ತದವರಿಗೆ ಸಮಾಧಾನ ಮಾತ್ರ ಹೇಳ್ಬೇಕು, ನಮ್ಮ ಅಳು, ಭಯ, ದೂರು ಏನಿದ್ರೂ ನಮಗಿಂತ ಹೊರಗಿನ ವೃತ್ತದವರ ಹತ್ರ. ನಿಮಗೆ ಫೋನ್ ಮಾಡಿ ಅಳೋರು ನಿಮಗಿಂತ ಹೊರಗಿರೋರು, ಅವರನ್ನ ಸಮಾಧಾನ ಮಾಡೋ ಜವಾಬ್ದಾರಿ ನಿಮ್ಮದಲ್ಲ. ‘ಈಗ ಮಾತಾಡೋ ಶಕ್ತಿ ಇಲ್ಲ, ಗ್ರೂಪಲ್ಲಿ ಹಾಕ್ತೀವಿ’ ಅಂತ ಹೇಳಿ ಫೋನ್ ಇಡಿ. ಸೊಕ್ಕು ಅನ್ನೋರು ಅನ್ಕೊಳ್ಳಿ ಬಿಡಿ.

ಪ್ರಶ್ನೆ: ಅಕ್ಕಾ, ನನ್ನ ಫ್ರೆಂಡ್‌ಗೆ ಕ್ಯಾನ್ಸರ್ ಟ್ರೀಟ್‌ಮೆಂಟ್ ಮುಗೀತು. ನಮ್ಮ ಫ್ರೆಂಡ್ಸ್ ಗ್ರೂಪಲ್ಲಿ ಎಲ್ಲರೂ ‘ನೀನು ಫೈಟರ್ ಕಣೋ’, ‘ಪಾಸಿಟಿವ್ ಆಗಿರು, ಕಾಯಿಲೆ ತಾನಾಗೇ ಓಡಿ ಹೋಗುತ್ತೆ’ ಅಂತ ಹಾಕ್ತಾ ಇದ್ವಿ. ಮೊನ್ನೆ ಅವನು ‘ಇದನ್ನ ದಯವಿಟ್ಟು ನಿಲ್ಸಿ’ ಅಂದುಬಿಟ್ಟ. ಗ್ರೂಪೇ ಸ್ತಬ್ಧ ಆಗೋಗಿದೆ, ಯಾರಿಗೂ ಏನ್ ಬರೀಬೇಕು ಗೊತ್ತಾಗ್ತಿಲ್ಲ.

ಉತ್ತರ: ಅವನು ಹೇಳಿದ್ದು ಒಳ್ಳೇದಾಯ್ತು ಕಣಪ್ಪ, ನಿಮ್ಮ ಮೇಲೆ ನಂಬಿಕೆ ಇರೋದಕ್ಕೇ ಹೇಳಿದಾನೆ. ಎಷ್ಟೋ ಜನ ಒಳಗೇ ನುಂಗ್ಕೊಂಡು ಕೈ ಮುಗಿಯೋ ಇಮೋಜಿ ಹಾಕಿ ಸುಮ್ಮನಾಗ್ತಾರೆ.

ಪಾಸಿಟಿವ್ ಆಗಿದ್ರೆ ಕಾಯಿಲೆ ಓಡಿ ಹೋಗುತ್ತೆ ಅನ್ನೋ ಮಾತಿನ ಇನ್ನೊಂದು ಬದಿ ನೋಡು. ಹಾಗಾದ್ರೆ ಕಾಯಿಲೆ ಮತ್ತೆ ಬಂದ್ರೆ ಅವನು ಸಾಕಷ್ಟು ಪಾಸಿಟಿವ್ ಆಗಿರ್ಲಿಲ್ಲ ಅಂತ ಆಯ್ತಲ್ವಾ? ಭಯ ಆದ ದಿನ, ಅಳು ಬಂದ ದಿನ, ಅವನು ಅದನ್ನೂ ತನ್ನ ತಪ್ಪು ಅಂದ್ಕೋಬೇಕಾ? ಇದನ್ನ ಪರೀಕ್ಷೆ ಮಾಡಿ ನೋಡಿದೋರೂ ಇದಾರೆ. 2007ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೇಮ್ಸ್ ಕಾಯ್ನ್ ಮತ್ತು ಸಂಗಡಿಗರು ತಲೆ ಮತ್ತು ಕತ್ತಿನ ಕ್ಯಾನ್ಸರ್ ಇದ್ದ 1,093 ಜನರ ಮಾಹಿತಿ ಇಟ್ಕೊಂಡು ನೋಡಿದ್ರು, ಅವರ ಮನಸ್ಸು ಎಷ್ಟು ಹಗುರಾಗಿತ್ತು ಅನ್ನೋದಕ್ಕೂ ಎಷ್ಟು ಕಾಲ ಬದುಕಿದ್ರು ಅನ್ನೋದಕ್ಕೂ ನಂಟು ಸಿಗ್ಲಿಲ್ಲ. ಮನಸ್ಸು ಚೆನ್ನಾಗಿದ್ರೆ ಆ ದಿನ ಚೆನ್ನಾಗಿ ಕಳೆಯುತ್ತೆ, ಅದು ದೊಡ್ಡ ವಿಷಯಾನೇ. ಆದ್ರೆ ಗಡ್ಡೆ ಕರಗಿಸೋದು ಔಷಧಿ, ರೇಡಿಯೇಶನ್, ಆಪರೇಶನ್. ಆ ಕೆಲಸಾನ ಅವನ ಮೂಡಿನ ಮೇಲೆ ಹೊರಿಸೋದು ಬೇಡ.

ಇನ್ನು ಟ್ರೀಟ್‌ಮೆಂಟ್ ಮುಗಿದ ಮೇಲಿನ ಸಮಯ ಇದೆಯಲ್ಲ, ಅದು ಹೊರಗಿನೋರಿಗೆ ಅರ್ಥವೇ ಆಗಲ್ಲ. ನೀವೆಲ್ಲ ಮುಗೀತು ಅಂತ ಖುಷಿಯಾಗಿದೀರಿ, ಅವನು ಮುಂದಿನ ಸ್ಕ್ಯಾನಿನ ತಾರೀಖು ಎಣಿಸ್ತಾ ಕೂತಿರ್ತಾನೆ, ಸುಸ್ತು ಇನ್ನೂ ಹೋಗಿಲ್ಲ, ಕೂದಲು ಪೂರ್ತಿ ಬಂದಿಲ್ಲ, ವಾರವಾರ ಮಾತಾಡಿಸ್ತಿದ್ದ ನರ್ಸ್, ಡಾಕ್ಟರ್ ಈಗ ಇಲ್ಲ. ಅದಕ್ಕೇ ಫೈಟರ್ ಅಂತ ಚಪ್ಪಾಳೆ ತಟ್ಟಿದ್ರೆ ಅವನಿಗೆ ಒಂಟಿತನ ಜಾಸ್ತಿ ಆಗುತ್ತೆ.

ಏನ್ ಬರೀಬೇಕು ಅಂದ್ರೆ, ಮೊದಲು ಅವನ ಮಾತಿಗೆ ಯಾರಾದ್ರೂ ಒಬ್ಬರು ‘ಸರಿ ಕಣೋ, ನಿಲ್ಲಿಸ್ತೀವಿ, ಹೇಳಿದ್ದು ಒಳ್ಳೇದಾಯ್ತು’ ಅಂತ ಇವತ್ತೇ ಹಾಕಿ, ಹತ್ತು ಜನ ಸಾರಿ ಕೇಳ್ತಾ ಕೂರ್ಬೇಡಿ. ಆಮೇಲೆ ಗ್ರೂಪ್ ಮೊದಲು ಹೇಗಿತ್ತೋ ಹಾಗೇ ನಡೀಲಿ. ಯಾರ ಬೈಕ್ ಕೆಟ್ಟಿದೆ, ಯಾರು ಯಾರ ಜೊತೆ ಜಗಳ ಆಡಿದ್ರು, ಮ್ಯಾಚಲ್ಲಿ ಏನಾಯ್ತು, ಎಲ್ಲ ಬರೀರಿ. ಕಾಯಿಲೆ ಬಂದೋರ ಮುಂದೆ ನಮ್ಮ ಸಣ್ಣಪುಟ್ಟ ವಿಷಯ ಹೇಳೋಕೆ ನಾಚಿಕೆ ಪಡ್ತೀವಿ, ಅವರಿಗೆ ಬೇಕಾಗಿರೋದೇ ಅದು ಎಷ್ಟೋ ಸಲ. ಅವನ ಬಗ್ಗೆ ಬರೆಯೋದಾದ್ರೆ ಅವನಿಗೆ ಮಾತ್ರ ಸಲ್ಲೋ ಮಾತು ಬರಿ, ‘ನೀನಿಲ್ದೆ ಈ ಗ್ರೂಪಲ್ಲಿ ಯಾರೂ ಲೆಕ್ಕ ಸರಿಯಾಗಿ ಹಂಚಲ್ಲ ಕಣೋ’ ಅನ್ನೋ ಥರ. ಬೇರೆ ಯಾರಿಗೆ ಬೇಕಾದ್ರೂ ಕಳಿಸಬಹುದಾದ ವಾಕ್ಯ ಆಗಿದ್ರೆ ಅಳಿಸು. ಸ್ಕ್ಯಾನ್ ಇರೋ ದಿನ ಮಾತ್ರ ನೆನಪಿಟ್ಕೊಂಡು ‘ಇವತ್ತು ಅಂತ ಗೊತ್ತು, ಜೊತೆಗಿದೀವಿ’ ಅಂತ ಹಾಕು, ರಿಸಲ್ಟ್ ಕೇಳ್ಬೇಡ, ಅವನಾಗೇ ಹೇಳ್ತಾನೆ.

ಪ್ರಶ್ನೆ: ಹಾರ್ಟ್ ಆಪರೇಶನ್ ಆಗಿ ರಕ್ತ ತೆಳುವಾಗೋ ಮಾತ್ರೆ ತಗೊಳ್ತಾ ಇರೋ ನಮ್ಮ ಚಿಕ್ಕಪ್ಪನಿಗೆ ಫ್ಯಾಮಿಲಿ ಗ್ರೂಪಲ್ಲಿ ದಿನಾ ಹತ್ತಾರು ಮನೆಮದ್ದಿನ ಫಾರ್ವರ್ಡ್ ಬರುತ್ತೆ. ಎಲ್ಲರೂ ದೊಡ್ಡವರು, ಹೇಗೆ ಬೇಡ ಅನ್ನೋದು?

ಉತ್ತರ: ಬೇಡ ಅನ್ನಲೇಬೇಕು, ಇದು ಬರೀ ಕಿರಿಕಿರಿ ವಿಷಯ ಅಲ್ಲ. ಉದಾಹರಣೆಗೆ ವಾರ್ಫರಿನ್ ಅನ್ನೋ ಮಾತ್ರೆ ಕೆಲಸ ಮಾಡೋದೇ ರಕ್ತ ಹೆಪ್ಪುಗಟ್ಟೋಕೆ ಬೇಕಾದ ವಿಟಮಿನ್ ಕೆ ಅನ್ನ ತಡೆದು. ಯಾರೋ ಹೇಳಿದ್ರು ಅಂತ ಇದ್ದಕ್ಕಿದ್ದ ಹಾಗೆ ದಿನಾ ಹಸಿರು ಸೊಪ್ಪಿನ ಜ್ಯೂಸ್ ಕುಡಿಯೋಕೆ ಶುರು ಮಾಡಿದ್ರೆ ವಿಟಮಿನ್ ಕೆ ಜಾಸ್ತಿಯಾಗಿ ಮಾತ್ರೆಯ ಶಕ್ತಿ ಕಮ್ಮಿ ಆಗ್ಬಹುದು, ರಕ್ತ ಹೆಪ್ಪುಗಟ್ಟೋ ಅಪಾಯ ಏರುತ್ತೆ. ಸೊಪ್ಪು ಕೆಟ್ಟದ್ದಲ್ಲ, ಅಳತೆ ತಟ್ಟಂತ ಬದಲಾಗೋದು ಕೆಟ್ಟದ್ದು, ಅದಕ್ಕೇ ಐಎನ್‌ಆರ್ ಅಂತ ರಕ್ತ ಪರೀಕ್ಷೆ ಮಾಡಿ ಡೋಸ್ ಸರಿ ಮಾಡ್ತಾರೆ. ಬೇರೆ ಮಾತ್ರೆ ಆದ್ರೆ ಬೇರೆ ಲೆಕ್ಕ, ಅದನ್ನ ಹೇಳೋಕೆ ಅವರ ಡಾಕ್ಟರೇ ಬೇಕು.

ದೊಡ್ಡವರಿಗೆ ಗ್ರೂಪಲ್ಲಿ ಎಲ್ಲರೆದುರು ತಿದ್ದೋಕೆ ಹೋಗ್ಬೇಡಿ, ಮರ್ಯಾದೆ ಪ್ರಶ್ನೆ ಆಗುತ್ತೆ, ಆಮೇಲೆ ಹಠಕ್ಕೆ ಬಿದ್ದು ಇನ್ನೂ ನಾಲ್ಕು ಕಳಿಸ್ತಾರೆ. ಚಿಕ್ಕಮ್ಮನ ಹೆಸರಲ್ಲಿ ಒಂದು ಮೆಸೇಜ್ ಇರ್ಲಿ, ‘ಡಾಕ್ಟರು ಅವರು ಹೇಳಿದ್ದು ಬಿಟ್ಟು ಬೇರೇನೂ ಕೊಡ್ಬೇಡಿ ಅಂತ ಸ್ಟ್ರಿಕ್ಟಾಗಿ ಹೇಳಿದಾರೆ, ನಿಮ್ಮ ಪ್ರೀತಿ ನಮಗೆ ಗೊತ್ತು, ಔಷಧಿ ವಿಷಯ ಮಾತ್ರ ಬೇಡ’ ಅಂತ. ಮತ್ತೆ ಮತ್ತೆ ಕಳಿಸೋರಿಗೆ ಫೋನ್ ಮಾಡಿ ಮೃದುವಾಗಿ ಹೇಳಿ. ಎರಡು ಬಾಣದ ಗುರುತು ಇರೋ ಫಾರ್ವರ್ಡ್ ಅಂದ್ರೆ ಅದು ಐದು ಅಥವಾ ಅದಕ್ಕಿಂತ ಜಾಸ್ತಿ ಕೈ ದಾಟಿ ಬಂದಿದೆ ಅಂತ, ಕಳಿಸಿದೋರೇ ಪೂರ್ತಿ ಓದಿರ್ತಾರೋ ಇಲ್ವೋ. ಅದಕ್ಕೇ 2020ರ ಏಪ್ರಿಲ್‌ನಿಂದ ವಾಟ್ಸಾಪ್ ಅಂಥದ್ದನ್ನ ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗ್ರೂಪಿಗೆ ಮಾತ್ರ ಕಳಿಸೋಕೆ ಬಿಡ್ತಿರೋದು.

ಪ್ರಶ್ನೆ: ಅರವತ್ತು ಜನ ಆಗ್ಲೇ ಹಾರೈಸಿದಾರೆ, ನಂಗೆ ಅವರು ಅಷ್ಟೇನೂ ಹತ್ತಿರದವರಲ್ಲ. ನಾನೂ ಬರೀಬೇಕಾ?

ಉತ್ತರ: ಬರೀರಿ, ಆದ್ರೆ ಗ್ರೂಪಲ್ಲಿ ಅರವತ್ತೊಂದನೆಯವರಾಗಿ ಬೇಡ. ಹದಿನೈದು ಇಪ್ಪತ್ತು ದಿನ ಬಿಟ್ಟು ಅವರೊಬ್ಬರಿಗೇ ಎರಡು ಸಾಲು ಕಳಿಸಿ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪೆಗ್ಗಿ ಲಿಯು ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದೇ, ಸುಮ್ನೆ ನೆನಪಾಯ್ತು ಅಂತ ನಾವು ಮಾತಾಡಿಸಿದಾಗ ಎದುರಿನೋರಿಗೆ ಎಷ್ಟು ಖುಷಿ ಆಗುತ್ತೆ ಅನ್ನೋದನ್ನ ನಾವು ಕಮ್ಮಿ ಅಂದಾಜು ಮಾಡ್ತೀವಿ, ಅದ್ರಲ್ಲೂ ಅಷ್ಟೊಂದು ಹತ್ತಿರದವರಲ್ಲದೇ ಇದ್ದಾಗ ಇನ್ನೂ ಕಮ್ಮಿ.

ಪ್ರಶ್ನೆ: ಸಹೋದ್ಯೋಗಿಯೊಬ್ಬರ ಕಾಯಿಲೆ ಏನು ಅಂತ ಒಬ್ಬರು ಗ್ರೂಪಲ್ಲಿ ಬರೆದುಬಿಟ್ರು. ಅವರು ಯಾರಿಗೂ ಹೇಳಿರ್ಲಿಲ್ಲ. ಈಗ?

ಉತ್ತರ: ಗ್ರೂಪ್ ಅಡ್ಮಿನ್ ಯಾರು ಅಂತ ನೋಡಿ ಅವರಿಗೆ ಈ ಕ್ಷಣವೇ ಫೋನ್ ಮಾಡಿ, ಬೇರೆಯವರ ಮೆಸೇಜನ್ನೂ ಎಲ್ಲರಿಗೂ ಕಾಣದ ಹಾಗೆ ಡಿಲೀಟ್ ಮಾಡೋ ಅಧಿಕಾರ ಅಡ್ಮಿನ್‌ಗೆ ಇದೆ. ಬರೆದವರೇ ಡಿಲೀಟ್ ಮಾಡೋದಾದ್ರೆ ಎರಡು ದಿನದ ಒಳಗೆ ಮಾಡ್ಬೇಕು, ಆಮೇಲೆ ಅವರ ಫೋನಲ್ಲಿ ಮಾತ್ರ ಹೋಗುತ್ತೆ. ಡಿಲೀಟ್ ಆದ್ಮೇಲೆ ‘ಏನದು ಡಿಲೀಟ್ ಆಗಿದ್ದು’ ಅಂತ ಕೇಳೋರಿಗೆ ಯಾರೂ ಉತ್ತರ ಕೊಡ್ಬೇಡಿ. ಮತ್ತೆ ಆ ಸಹೋದ್ಯೋಗಿಗೆ, ಬರೆದವರೇ, ಅಡ್ಡಗೋಡೆ ಮೇಲೆ ದೀಪ ಇಡದೇ ನೇರವಾಗಿ ಹೇಳ್ಬೇಕು, ಹೀಗಾಯ್ತು, ಇಷ್ಟು ಹೊತ್ತು ಇತ್ತು, ಇಷ್ಟು ಜನ ನೋಡಿರ್ಬಹುದು ಅಂತ. ಬೇರೆಯವರ ಬಾಯಲ್ಲಿ ಕೇಳಿದ್ರೆ ಆ ನೋವು ಬೇಗ ಹೋಗಲ್ಲ.

ಪ್ರಶ್ನೆ: ನಮ್ಮ ಮೇಷ್ಟ್ರಿಗೆ ಸ್ಟ್ರೋಕ್ ಆಗಿ ಮಾತು ನಿಂತಿದೆ, ಓದೋಕೂ ಕಷ್ಟ ಅಂತೆ. ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಏನಾದ್ರೂ ಕಳಿಸ್ಬೇಕು ಅಂತಿದೀವಿ.

ಉತ್ತರ: ಮಾತಾಡೋಕೆ, ಓದೋಕೆ ಆಗದೇ ಇರೋ ಈ ಸ್ಥಿತಿಗೆ ಅಫೇಸಿಯಾ ಅಂತಾರೆ. ಪದ ಸಿಗಲ್ಲ, ಆದ್ರೆ ಬುದ್ಧಿ ಅದರ ಜೊತೆ ಹೋಗಿರಲ್ಲ, ನಿಮ್ಮ ಮೇಷ್ಟ್ರು ಮೇಷ್ಟ್ರೇ. ಹಾಗಾಗಿ ಮಗುವಿಗೆ ಮಾತಾಡೋ ಹಾಗೆ ರಾಗ ಎಳೆದು ಮಾತಾಡ್ಬೇಡಿ, ಅದು ಅವರಿಗೆ ಅವಮಾನ.

ಉದ್ದದ ಬರಹ ಬೇಡ, ದನಿ ಕಳಿಸಿ. ಒಬ್ಬೊಬ್ಬರು ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಮಾಡಿ, ಮೊದಲು ಹೆಸರು, ಯಾವ ಬ್ಯಾಚು, ಆಮೇಲೆ ನಿಧಾನವಾಗಿ ಒಂದೇ ಒಂದು ನೆನಪು. ‘ಸರ್, ಬೋರ್ಡ್ ಮೇಲೆ ನೀವು ಕೈವಾರ ಇಲ್ದೇನೇ ವೃತ್ತ ಬರೀತಿದ್ರಿ, ನಾನು ಇವತ್ತಿಗೂ ಮಕ್ಕಳಿಗೆ ಹೇಳ್ತೀನಿ’ ಅನ್ನೋ ಥರದ್ದು. ಹಿಂದೆ ಟೀವಿ, ಟ್ರಾಫಿಕ್ ಸದ್ದು ಇರ್ಬಾರದು, ಸದ್ದಿದ್ರೆ ಅವರಿಗೆ ಮಾತು ಬಿಡಿಸ್ಕೊಳ್ಳೋದು ಕಷ್ಟ. ಎಲ್ಲಾನೂ ಮನೆಯವರ ಫೋನಿಗೆ ಕಳಿಸಿ, ಅವರು ದಿನಕ್ಕೆ ಒಂದೋ ಎರಡೋ ಕೇಳಿಸ್ಲಿ. ಜೊತೆಗೆ ಹಳೇ ಕ್ಲಾಸ್ ಫೋಟೋ ಇದ್ರೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಡಿ, ಬೆರಳಿಟ್ಟು ತೋರಿಸೋಕೆ ಆಗುತ್ತೆ, ಸ್ಪೀಚ್ ಥೆರಪಿ ಮಾಡಿಸೋರಿಗೂ ಅದು ಉಪಯೋಗಕ್ಕೆ ಬರುತ್ತೆ.

ಪ್ರಶ್ನೆ: ನಾನೇ ರೋಗಿ ಮೇಡಂ. ಮೊದಲ ವಾರ ನೂರಾರು ಮೆಸೇಜ್ ಬಂತು, ತಡೀಲಾರದೆ ಗ್ರೂಪ್‌ಗಳನ್ನೆಲ್ಲ ಮ್ಯೂಟ್ ಮಾಡಿದೆ. ಈಗ ಮೂರನೇ ತಿಂಗಳು, ಇನ್ನೂ ಮೆಟ್ಟಿಲು ಹತ್ತೋಕೆ ಆಗಲ್ಲ, ಯಾರೂ ಕೇಳೋರಿಲ್ಲ. ಆಗ ಬೇಡ ಅಂದವಳು ಈಗ ಬೇಕು ಅನ್ನೋದು ಸರೀನಾ ಅಂತ ಸಂಕೋಚ.

ಉತ್ತರ: ಖಂಡಿತ ಸರಿ. ಆಗ ನಿಮಗೆ ನಿದ್ದೆ ಬೇಕಿತ್ತು, ಈಗ ಜನ ಬೇಕು, ಎರಡೂ ನಿಮ್ಮ ಚೇತರಿಕೆಗೇ ಬೇಕಾದದ್ದು. ಮ್ಯೂಟ್ ಮಾಡಿದ್ದು ಯಾರಿಗೂ ಗೊತ್ತಾಗಿರಲ್ಲ, ವಾಟ್ಸಾಪ್ ಅದನ್ನ ಬೇರೆಯವರಿಗೆ ತಿಳಿಸಲ್ಲ, ಆ ಸಂಕೋಚ ಬಿಟ್ಬಿಡಿ. ಮತ್ತೆ ಯಾರೂ ಕೇಳ್ತಿಲ್ಲ ಅನ್ನೋದಕ್ಕೆ ಪ್ರೀತಿ ಇಲ್ಲ ಅಂತ ಅರ್ಥ ಅಲ್ಲ. ಡಿಸ್ಚಾರ್ಜ್ ಆದ್ರು ಅಂದ್ರೆ ಹುಷಾರಾದ್ರು ಅಂತ ಜನ ಅಂದ್ಕೊಳ್ತಾರೆ. ಅದರ ಜೊತೆ ಗ್ರೂಪಲ್ಲಿ ಪ್ರತಿಯೊಬ್ಬರೂ ಬೇರೆ ಯಾರೋ ನೋಡ್ಕೊಳ್ತಿರ್ತಾರೆ ಅಂತ ಸುಮ್ಮನಿರ್ತಾರೆ. 1968ರಲ್ಲೇ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಅನ್ನೋ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರ್ಸಿದ್ರು, ಕಷ್ಟದಲ್ಲಿರೋ ಒಬ್ಬರ ಬಗ್ಗೆ ಹೆಚ್ಚು ಜನಕ್ಕೆ ಗೊತ್ತಿದೆ ಅಂದಷ್ಟೂ ಒಬ್ಬೊಬ್ಬರೂ ಎದ್ದು ಸಹಾಯಕ್ಕೆ ಹೋಗೋದು ಕಮ್ಮಿ ಆಗುತ್ತೆ. ‘ಏನಾದ್ರೂ ಬೇಕಿದ್ರೆ ಹೇಳಿ’ ಅಂತ ಐವತ್ತು ಜನ ಬರೆದ್ರೂ ಬಾಗಿಲಿಗೆ ಒಬ್ಬರೂ ಬರದೇ ಇರೋದು ಇದಕ್ಕೇ.

ಇದನ್ನ ಓದ್ತಾ ಇರೋ ಗ್ರೂಪಿನೋರಿಗೂ ಇಲ್ಲೇ ಹೇಳ್ಬಿಡ್ತೀನಿ. ಮೊದಲ ವಾರ ಎಲ್ಲರೂ ಒಟ್ಟಿಗೆ ಬರೆಯೋ ಬದಲು ತಿಂಗಳುಗಳನ್ನ ಹಂಚ್ಕೊಳ್ಳಿ. ಮೇಲೆ ಹೇಳಿದ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಗಳು ಮೊದಲ ನಾಲ್ಕು ತಿಂಗಳು ತಿಂಗಳಿಗೊಂದು, ಆಮೇಲೆ ಎಂಟು ತಿಂಗಳು ಎರಡು ತಿಂಗಳಿಗೊಂದು, ಅದಾದ ಮೇಲೆ ನಾಲ್ಕು ವರ್ಷ ಮೂರು ತಿಂಗಳಿಗೊಂದು ಹೋಗ್ತಾ ಇದ್ವು, ಒಟ್ಟು ಐದು ವರ್ಷ. ಹನ್ನೆರಡು ಜನ ಇದ್ರೆ ಒಬ್ಬೊಬ್ಬರಿಗೆ ಒಂದೊಂದು ತಿಂಗಳು ಅಂತ ಹೆಸರು ಬರ್ಕೊಳ್ಳಿ, ಫೋನಲ್ಲಿ ರಿಮೈಂಡರ್ ಇಡಿ, ವರ್ಷ ಪೂರ್ತಿ ಅವರಿಗೆ ಯಾರದ್ದಾದ್ರೂ ಒಂದು ಮಾತು ತಲುಪ್ತಾ ಇರುತ್ತೆ.

ನೀವು ಮಾತ್ರ ಕಾಯ್ತಾ ಕೂರ್ಬೇಡಿ. ಇಡೀ ಗ್ರೂಪಿಗೆ ಬೇಡ, ನಿಮಗೆ ಸಲಿಗೆ ಇರೋ ಒಬ್ಬರಿಗೆ, ಇಬ್ಬರಿಗೆ, ಹೆಸರು ಹಿಡಿದು, ಕೆಲಸ ಹೇಳಿ ಬರೀರಿ. ‘ಆಗ ನಿಮ್ಮ ಮೆಸೇಜ್‌ಗೆಲ್ಲ ಉತ್ತರ ಕೊಡೋಕೆ ಆಗ್ಲಿಲ್ಲ, ಓದಿ ಖುಷಿ ಪಟ್ಟಿದೀನಿ. ಇನ್ನೂ ಪೂರ್ತಿ ಹುಷಾರಾಗಿಲ್ಲ, ದಿನ ಹೋಗೋದೇ ಇಲ್ಲ. ಬುಧವಾರ ಸಂಜೆ ಒಂದರ್ಧ ಗಂಟೆ ಬಂದು ಕೂತ್ಕೊಳ್ತೀಯಾ, ಕಾಯಿಲೆ ವಿಷಯ ಬಿಟ್ಟು ಬೇರೆ ಏನಾದ್ರೂ ಮಾತಾಡೋಣ’ ಅಂತ. ಹತ್ತಿರ ಇಲ್ಲದೇ ಇರೋರಾದ್ರೆ ಅದೇ ಹೊತ್ತಿಗೆ ಫೋನ್ ಮಾಡೋಕೆ ಹೇಳಿ. ಸುಸ್ತಾದ್ರೆ ನಡುವೆನೇ ಸಾಕು ಅಂತೀನಿ ಅನ್ನೋದನ್ನೂ ಮೊದಲೇ ಬರೀರಿ, ಬರೋರಿಗೂ ಆಗ ನಿರಾಳ. ಮತ್ತೆ ಮೆಟ್ಟಿಲು ಹತ್ತೋಕೆ ಆಗಲ್ಲ ಅಂದ್ರಲ್ಲ, ಅದನ್ನ ಮುಂದಿನ ಚೆಕಪ್ ತನಕ ಇಟ್ಕೊಳ್ದೆ ಈ ವಾರವೇ ಡಾಕ್ಟರಿಗೆ ಫೋನ್ ಮಾಡಿ ಹೇಳಿ, ಮೂರು ತಿಂಗಳಾದ್ಮೇಲೂ ಹಾಗಿದ್ರೆ ಅವರಿಗೆ ಗೊತ್ತಾಗ್ಬೇಕು.